ಇಂಗ್ಲೀಷು ಪ್ರಾಧ್ಯಾಪಿಕೆಯ ಕಾಯಕವೂ ಜ್ಞಾನದಾಸೋಹವೂ

 

ಶ್ರೀಮಠದ ಮಹೋತ್ಸವದಲ್ಲಿ ಷಟ್‌ಸ್ಥಲವನ್ನೋ ಅಷ್ಟಾವರಣವನ್ನೋ ಕುರಿತು ಉಪನ್ಯಾಸವಾಗುವದು ಸಹಜವಷ್ಟೆ. ಅದನ್ನು ಬಿಟ್ಟು, ಕಾಲೇಜಿನಲ್ಲಿ ಇಂಗ್ಲೀಷು ಕಲಿಸುವ ಸ್ತ್ರೀಯ ಉದ್ಯೋಗವನ್ನೂ ಅವಳ ಸಮಾಜಸೇವೆಯನ್ನೂ ಕುರಿತು ಹೇಳುವದೇತಕ್ಕೆಂದು ಕೆಲವರಿಗೆ ಆಶ್ಚರ್ಯವಾಗಬಹುದು. ಆದರೆ ಕಾಯಕ ಮತ್ತು ದಾಸೋಹಗಳೆಂಬ ಎರಡು ತತ್ತ್ವಗಳು ಪೂಜಾಗೃಹದಲ್ಲಿ ಮಾತ್ರ ಇರತಕ್ಕವಲ್ಲ. ಒಕ್ಕಲಿಗನ ಹೊಲದಲ್ಲಿಯೂ ನೇಕಾರನ ಮಗ್ಗದಲ್ಲಿಯೂ ಅವು ಹೇಗೆ ನೆಲೆಸಿರುವವೋ ಹಾಗೆಯೇ ಪಾಠಶಾಲೆಯ ಕರಿಹಲಗೆಯ ಮುಂದೆಯೂ ನೆಲೆಸಿರುವವು. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಎಂಬ ಈ ಅಡವಿಯ ಸೀಮೆಯಲ್ಲಿ ಆ ಕರಿಹಲಗೆಯ ಮುಂದೆ ನಿಂತವಳ ಕಾಯಕವು ಎಂಥ ಮಹತ್ವದ್ದೆಂಬುದನ್ನು ವಿಚಾರಿಸುವದು ಧರ್ಮಚಿಂತನೆಯೇ ಸರಿ.

ಈ ಸೀಮೆಯು ಶರಣರಿಗೆ ಪರಕೀಯವಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ವಿಪ್ಲವದ ತರುವಾಯ ಚನ್ನಬಸವಣ್ಣನವರು ವಚನಗಳ ಕಟ್ಟುಗಳನ್ನು ಕಾಪಾಡಿಕೊಂಡು, ಶರಣಸಮೂಹದೊಡನೆ ಇಲ್ಲಿಯ ಉಳವಿಗೆ ಬಂದು ಅಲ್ಲಿಯೇ ಲಿಂಗೈಕ್ಯರಾದರೆಂದು ಸಂಪ್ರದಾಯವು ಹೇಳುತ್ತದೆ. ಆ ಉಳವಿಯು ಇಂದಿನ ಜೋಯಿಡಾ ತಾಲೂಕಿನಲ್ಲಿದೆ. ಮಾಘಮಾಸದ ಜಾತ್ರೆಗೆ ಧಾರವಾಡ, ಬೆಳಗಾವಿಗಳ ಕಡೆಯ ಭಕ್ತರು ಎತ್ತಿನ ಚಕ್ಕಡಿಗಳನ್ನು ಕಟ್ಟಿಕೊಂಡು ಅಲ್ಲಿಗೆ ಹೋಗುವರು. ಅವರೆಲ್ಲರೂ ಚನ್ನಬಸವಣ್ಣನವರ ಗದ್ದುಗೆಗೆ ನಮಿಸುವರು. ಆದರೆ ಅಲ್ಲಿಯೇ ಅವರ ತಾಯಿಯಾದ ಅಕ್ಕನಾಗಮ್ಮನವರ ಹೆಸರಿನ ಗವಿಯೊಂದು ಇರುವದನ್ನು ಎಷ್ಟು ಜನರು ನೆನೆಯುವರು? ಗ್ರಂಥರಾಶಿಯು ಅಡವಿಯನ್ನು ಹೊಕ್ಕಾಗ ಅದರ ಸಂಗಡ ಒಬ್ಬ ತಾಯಿಯೂ ಇದ್ದಳೆಂಬ ಈ ಸಂಗತಿಯು ಇಂದಿನ ವಿಷಯಕ್ಕೆ ಮಂಗಳಾಚರಣೆಯಾಗಲಿ.

ಮೊದಲು ಕಾಯಕದ ಅರ್ಥವನ್ನು ಸ್ವಲ್ಪ ನೋಡಬೇಕು. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದು ತಂದಾಗ, ಅವನ ಸತಿಯಾದ ಲಕ್ಕಮ್ಮನು ಅದನ್ನು ಒಪ್ಪದೆ, ಹೆಚ್ಚಿನದನ್ನು ತಂದಲ್ಲಿಯೇ ಹಾಕಿ ಬರುವಂತೆ ಹೇಳಿದಳೆಂಬ ಕಥೆಯು ಎಲ್ಲ ಭಕ್ತರಿಗೂ ವಿದಿತವಾದದ್ದೇ. ಅಂದಿನ ದಾಸೋಹಕ್ಕೆ ಬೇಕಾದಷ್ಟಕ್ಕಿಂತ ಮಿಗಿಲಾದದ್ದು ತನ್ನದಲ್ಲವೆಂದು ಅವಳು ತಿಳಿದಿದ್ದಳು. ವಿದ್ಯೆಯ ವಿಷಯದಲ್ಲಿಯೂ ಇದೇ ನ್ಯಾಯವು ಸಲ್ಲುತ್ತದೆ. ಎಮ್.ಎ. ಪದವಿಯನ್ನು ಪಡೆದು ಪ್ರಾಧ್ಯಾಪಿಕೆಯಾದವಳ ವಿದ್ಯೆಯ ಹಿಂದೆ ತಂದೆಯ ದುಡಿಮೆಯಿದೆ, ತಾಯಿಯ ಉಪವಾಸವಿದೆ, ಸರಕಾರಕ್ಕೆ ತೆರಿಗೆ ಕೊಟ್ಟ ಬಡವರ ಬೆವರಿದೆ. ಸಂಬಳವು ಅವಳ ಪಾಠದ ಪ್ರತಿಫಲವಾಯಿತು. ಅದರಾಚೆಗೆ ಉಳಿದ ವಿದ್ಯೆಯನ್ನು ಅವಳು ತಂದಲ್ಲಿಗೇ ಮರಳಿ ಮುಟ್ಟಿಸಬೇಕು. ಇದೇ ಜ್ಞಾನದಾಸೋಹವು.

ಇಂಗ್ಲೀಷು ವಿದ್ಯೆಯು ಈ ಪ್ರಾಂತಕ್ಕೆ ಬಂದ ಬಗೆಯೂ ವಿಚಾರಾರ್ಹವಾಗಿದೆ. ಉತ್ತರ ಕನ್ನಡ ಜಿಲ್ಲೆಯು 1862ನೆಯ ಇಸವಿಯಲ್ಲಿ ಮುಂಬಯಿ ಇಲಾಖೆಗೆ ಸೇರಿತು. ಆ ಇಲಾಖೆಯಲ್ಲಿ ಕಚೇರಿಯ ಬಾಗಿಲು, ನ್ಯಾಯಾಸ್ಥಾನದ ಬಾಗಿಲು, ವೈದ್ಯಶಾಸ್ತ್ರದ ಬಾಗಿಲು, ಎಲ್ಲಕ್ಕೂ ಇಂಗ್ಲೀಷೇ ಕೀಲಿಕೈಯಾಗಿತ್ತು. ಆ ಕೀಲಿಕೈಯು ಲಿಂಗಾಯತ ಸಮಾಜದ ಮಕ್ಕಳಿಗೆ ಸುಲಭವಾಗಿ ದೊರೆಯುತ್ತಿರಲಿಲ್ಲ. ಆ ಕೊರತೆಯನ್ನು ಕಂಡು ಸಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಆಸ್ತಿಯನ್ನು ವಿದ್ಯಾಭ್ಯಾಸಕ್ಕಾಗಿ ಧಾರೆಯೆರೆದರು. 1916ನೆಯ ಇಸವಿಯ ನವೆಂಬರದಲ್ಲಿ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಕೂಡಿ ಕರ್ನಾಟಕ ಲಿಂಗಾಯತ ಎಜ್ಯುಕೇಶನ್ ಸೊಸಾಯಿಟಿಯನ್ನು ಸ್ಥಾಪಿಸಿ, ಮೊಟ್ಟಮೊದಲು ಒಂದು ಆಂಗ್ಲೋ-ವರ್ನಾಕ್ಯುಲರ್ ಶಾಲೆಯನ್ನು ತೆರೆದರು. 1933ರಲ್ಲಿ ಅದೇ ಸಂಸ್ಥೆಯು ದೇಸಾಯಿಯವರ ಹೆಸರಿನ ಲಿಂಗರಾಜ ಕಾಲೇಜನ್ನು ಕಟ್ಟಿತು. ಮಠಗಳು ಉಚಿತ ಪ್ರಸಾದನಿಲಯಗಳನ್ನು ತೆರೆದು ಸಹಸ್ರಾರು ಬಡಮಕ್ಕಳಿಗೆ ಅನ್ನವನ್ನೂ ವಸತಿಯನ್ನೂ ಕೊಟ್ಟವು. ಇದೆಲ್ಲವೂ ಸ್ಮರಣೀಯವಾದ ಪುಣ್ಯಕಾರ್ಯವು.

ಆದರೆ ಮಹೋತ್ಸವವು ಸಂತೋಷಕ್ಕೆ ಹೇಗೋ ಹಾಗೆ ಆತ್ಮಪರೀಕ್ಷೆಗೂ ಸಕಾಲವಾಗಿದೆ. ಆ ಪ್ರಸಾದನಿಲಯಗಳ ಪಂಕ್ತಿಯಲ್ಲಿ ಮೊದಮೊದಲು ಕುಳಿತವರು ಬಹುಮಟ್ಟಿಗೆ ಗಂಡುಮಕ್ಕಳೇ. ಅಕ್ಕಮಹಾದೇವಿ, ಮುಕ್ತಾಯಕ್ಕ, ಸತ್ಯಕ್ಕ ಮೊದಲಾಗಿ ಮೂವತ್ತಕ್ಕೂ ಹೆಚ್ಚು ವಚನಕಾರ್ತಿಯರನ್ನು ಹೆತ್ತ ಧರ್ಮದ ಮನೆಗಳಲ್ಲಿ, ಮಗನ ಕೈಗೆ ಪುಸ್ತಕವೂ ಮಗಳ ಕೈಗೆ ಕಸಬರಿಗೆಯೂ ಬಂದವು. ಈ ಅನ್ಯಾಯವು ಒಂದು ಸಮಾಜದ್ದಲ್ಲ, ದೇಶದ್ದೇ ಆಗಿತ್ತು. ಬಾಲ್ಯದ ಕೆಲವು ವರ್ಷಗಳನ್ನು ಬೆಳಗಾವಿಯಲ್ಲಿ ಕಳೆದ ಕಾರ್ನೇಲಿಯಾ ಸೊರಾಬಜಿಯೆಂಬವಳು ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಓದಿ, ಮುಂಬಯಿ ವಿಶ್ವವಿದ್ಯಾಲಯದ ಪ್ರಥಮ ಸ್ತ್ರೀ ಪದವೀಧರೆಯಾದಳು. ಉಚ್ಚಶ್ರೇಣಿಯಲ್ಲಿ ತೇರ್ಗಡೆಯಾದರೂ, ವಿಲಾಯತಿಗೆ ಹೋಗಿ ಓದುವ ಸರಕಾರೀ ವಿದ್ಯಾರ್ಥಿವೇತನವು ಸ್ತ್ರೀಯೆಂಬ ಕಾರಣದಿಂದ ಅವಳಿಗೆ ದೊರೆಯಲಿಲ್ಲ. 1888ರ ಸುಮಾರಿಗೆ ಅವಳು ಅಹಮದಾಬಾದದ ಗುಜರಾತ ಕಾಲೇಜಿನಲ್ಲಿ ಗಂಡು ವಿದ್ಯಾರ್ಥಿಗಳಿಗೆ ಇಂಗ್ಲೀಷು ಕಲಿಸಿದಳು. ಈ ದೇಶದಲ್ಲಿ ಇಂಗ್ಲೀಷು ಕಲಿಸುವ ಸ್ತ್ರೀಯರ ಪರಂಪರೆಗೆ ಅವಳು ಹಿರಿಯಕ್ಕಳೆನ್ನಬಹುದು.

ಧಾರವಾಡದಲ್ಲಿ 1917ರಲ್ಲಿ ಕರ್ನಾಟಕ ಕಾಲೇಜು ಸ್ಥಾಪಿತವಾಗಿ, 1949ರ ಕಾಯಿದೆಯಿಂದ ಕರ್ನಾಟಕ ವಿಶ್ವವಿದ್ಯಾಲಯವು ಉದಯಿಸಿದ ತರುವಾಯ ಈ ಪರಂಪರೆಯು ಕನ್ನಡನಾಡಿನ ಈ ಭಾಗದಲ್ಲಿಯೂ ಬೇರೂರಿತು. ಉತ್ತರ ಕನ್ನಡದ ಕಾಲೇಜುಗಳೂ ಆ ವಿಶ್ವವಿದ್ಯಾಲಯದ ಆಶ್ರಯದಲ್ಲಿಯೇ ಬೆಳೆದವು. ಅಲ್ಲಿ ಇಂಗ್ಲೀಷು ಪ್ರಾಧ್ಯಾಪಿಕೆಯಾಗಿದ್ದ ಡಾ. ಸರೋಜಿನಿ ಶಿಂತ್ರಿಯವರ ಕಾರ್ಯವು ಇಲ್ಲಿ ವಿಶೇಷವಾಗಿ ಸ್ಮರಣೀಯವಾಗಿದೆ. ಅವರು ಶೇಕ್ಸಪಿಯರ ಮಹಾಕವಿಯ ನಾಟಕಗಳಲ್ಲಿಯ ಸ್ತ್ರೀಪಾತ್ರಗಳನ್ನು ಅಭ್ಯಸಿಸಿ ಇಂಗ್ಲೀಷಿನಲ್ಲಿ ಒಂದು ಗ್ರಂಥವನ್ನು ಬರೆದರು. ಅದನ್ನು ವಿಶ್ವವಿದ್ಯಾಲಯವು 1977ರಲ್ಲಿ ಪ್ರಕಟಿಸಿತು. ಅಷ್ಟಕ್ಕೆ ನಿಂತಿದ್ದರೆ ಅವರು ಪಂಡಿತೆಯೆಂದು ಮಾತ್ರ ಗಣ್ಯರಾಗುತ್ತಿದ್ದರು. ಆದರೆ ಅವರು ಕೆ. ರಾಘವೇಂದ್ರರಾಯರೊಡನೆ ಕೂಡಿ, ಕರ್ನಾಟಕದ ಸ್ವಾತಂತ್ರ್ಯ ಹೋರಾಟದಲ್ಲಿ ಭಾಗವಹಿಸಿದ ಸ್ತ್ರೀಯರನ್ನು ಕುರಿತು ಮತ್ತೊಂದು ಗ್ರಂಥವನ್ನು ರಚಿಸಿದರು. ಕಿತ್ತೂರ ಚನ್ನಮ್ಮರಾಣಿಯು 1824ರಲ್ಲಿ ಕತ್ತಿ ಹಿಡಿದ ನಾಡು ಇದು. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಉಮಾಬಾಯಿ ಕುಂದಾಪುರರವರು ಸ್ವಯಂಸೇವಿಕೆಯರನ್ನು ಮುನ್ನಡೆಸಿದ ನಾಡು ಇದು. 1930ರ ನಂತರದ ಕರನಿರಾಕರಣೆಯಲ್ಲಿ ಇದೇ ಜಿಲ್ಲೆಯ ಅಂಕೋಲೆ, ಸಿದ್ಧಾಪುರ ತಾಲೂಕುಗಳ ಒಕ್ಕಲಿಗರ ಮನೆಯ ಹೆಣ್ಣುಮಕ್ಕಳು ಕಷ್ಟವನ್ನುಂಡ ನಾಡು ಇದು. ದೂರದ ದ್ವೀಪದ ಕವಿಯು ಸೃಷ್ಟಿಸಿದ ನಾಯಿಕೆಯರನ್ನು ನೋಡಲು ಕಲಿತ ಕಣ್ಣು ಸ್ವಂತ ನಾಡಿನ ವೀರವನಿತೆಯರ ಕಡೆಗೆ ತಿರುಗಿತೆಂಬುದೇ ಇಲ್ಲಿಯ ಸ್ವಾರಸ್ಯವು.

ಅದೇ ಧಾರವಾಡದಲ್ಲಿ 1945ರಲ್ಲಿ ಜನಿಸಿ, ಇಂಗ್ಲೀಷು ಪ್ರಾಧ್ಯಾಪಿಕೆಯಾಗಿ, ಮುಂದೆ ಪ್ರಿನ್ಸಿಪಾಲರೂ ಆದ ವೀಣಾ ಶಾಂತೇಶ್ವರ ಅವರು ಕಲಿತ ಹೆಣ್ಣಿನ ಅಂತರಂಗದ ಸಂಕಟವನ್ನು ಕನ್ನಡದ ಸಣ್ಣ ಕಥೆಗಳಲ್ಲಿ ನಿರ್ಭಯವಾಗಿ ಹೇಳಿದರು. ‘ಮುಳ್ಳುಗಳು’, ‘ಕೊನೆಯ ದಾರಿ’, ‘ಕವಲು’ ಎಂಬ ಅವರ ಸಂಕಲನಗಳು ವಾಚಕರಿಗೆ ಪರಿಚಿತವಾಗಿವೆ. ಇನ್ನು ಬೆಂಗಳೂರಿನಲ್ಲಿ ಇಂಗ್ಲೀಷು ಬೋಧಿಸಿದ ವನಮಾಲಾ ವಿಶ್ವನಾಥ ಅವರು ರಾಘವಾಂಕ ಕವಿಯ ಹರಿಶ್ಚಂದ್ರ ಕಾವ್ಯವನ್ನು ಇಂಗ್ಲೀಷಿಗೆ ಪರಿವರ್ತಿಸಿದರು. ಅದು 2017ರಲ್ಲಿ ಅಮೇರಿಕೆಯ ಹಾರ್ವರ್ಡ ವಿಶ್ವವಿದ್ಯಾಲಯದ ಮುದ್ರಣಾಲಯದಿಂದ, ಮೂಲ ಕನ್ನಡದೊಡನೆ ಪ್ರಕಟವಾಯಿತು. ಶಿವಕವಿಯ ಷಟ್ಪದಿಯನ್ನು ಸಾಗರದಾಚೆಗೆ ಕೊಂಡೊಯ್ದವಳು ಒಬ್ಬ ಇಂಗ್ಲೀಷು ಪ್ರಾಧ್ಯಾಪಿಕೆಯೇ ಎಂಬುದನ್ನು ಭಕ್ತರು ಮರೆಯಬಾರದು.

ಇದಕ್ಕೆ ಮುಂಚೆಯೂ ಇಂಗ್ಲೀಷು ಬಲ್ಲವರು ಶರಣಸಾಹಿತ್ಯಕ್ಕೆ ಉಪಕರಿಸಿರುವರು. ಗೋವೆಯ ಮೂಲದವರೂ ಧಾರವಾಡದಲ್ಲಿ ಇಂಗ್ಲೀಷು ಪ್ರಾಧ್ಯಾಪಕರೂ ಆಗಿದ್ದ ಆರ್ಮಾಂಡೋ ಮೆನೆಜಿಸರು, ಎಸ್.ಸಿ. ನಂದೀಮಠ, ಆರ್.ಸಿ. ಹಿರೇಮಠ ಮೊದಲಾದವರೊಡನೆ ಶ್ರಮಿಸಿದ ಫಲವಾಗಿ ‘ಶೂನ್ಯಸಂಪಾದನೆ’ಯ ಇಂಗ್ಲೀಷು ಆವೃತ್ತಿಯ ಮೊದಲ ಸಂಪುಟವು 1965ರಲ್ಲಿ ಹೊರಬಂದಿತು. ಮೆನೆಜಿಸರೂ ಎಸ್.ಎಂ. ಅಂಗಡಿಯವರೂ ಅನುವಾದಿಸಿದ ಬಸವಣ್ಣನವರ ವಚನಗಳು 1967ರಲ್ಲಿ ಸಿರಿಗೆರೆಯಿಂದ ಪ್ರಕಟವಾದವು. ಆದಕಾರಣ ಇಂಗ್ಲೀಷೆಂಬುದು ಕನ್ನಡಿಗನು ಹೊರಗೆ ಹೋಗುವ ಬಾಗಿಲು ಮಾತ್ರವಲ್ಲ, ಕನ್ನಡದ ಬೆಳಕು ಹೊರಗೆ ಹೋಗುವ ಕಿಟಕಿಯೂ ಆಗಿದೆ.

ಇನ್ನು ಈ ನಾಲ್ಕು ತಾಲೂಕುಗಳ ಸ್ಥಿತಿಯನ್ನು ನೋಡಬೇಕು. ಮೊದಲು ಹಳಿಯಾಳ ತಾಲೂಕಿನ ಭಾಗವಾಗಿದ್ದು ಈಗ ತಾನೇ ಒಂದು ತಾಲೂಕಾಗಿರುವ ದಾಂಡೇಲಿಯು, 1955ರಲ್ಲಿ ಸ್ಥಾಪಿತವಾದ ವೆಸ್ಟ ಕೋಸ್ಟ ಕಾಗದ ಕಾರಖಾನೆಯಿಂದ ಬೆಳೆದ ಪಟ್ಟಣ. ನಾನಾ ಪ್ರಾಂತಗಳ ಕಾರ್ಮಿಕರ ಮಕ್ಕಳು ಅಲ್ಲಿ ಒಂದೇ ಬೆಂಚಿನ ಮೇಲೆ ಕುಳಿತು ಕಲಿಯುವರು. ಹಳಿಯಾಳದಲ್ಲಿ ಕನ್ನಡ ಮರಾಠಿಗಳೆರಡೂ ಮನೆಮಾತುಗಳು. ಜೋಯಿಡಾ ತಾಲೂಕಿನ ಹಳೆಯ ಕೇಂದ್ರವಾದ ಸೂಪಾ ಊರು ಕಾಳೀನದಿಯ ಅಣೆಕಟ್ಟಿನ ನೀರಿನಲ್ಲಿ ಮುಳುಗಿತು. ನೆಲೆ ಕಳೆದುಕೊಂಡ ಕುಟುಂಬಗಳಲ್ಲಿ ಅನೇಕರು ರಾಮನಗರದಲ್ಲಿ ನೆಲೆಸಿದರು. ಅಲ್ಲಿಯ ಕುಣಬಿಗಳ ಮನೆಮಾತು ಕೊಂಕಣಿ. ಮುಂಡಗೋಡದಲ್ಲಿ 1966ರಿಂದ ಟಿಬೇಟದ ನಿರಾಶ್ರಿತರು ನೆಲೆಸಿರುವರು. ಹಳಿಯಾಳ, ಮುಂಡಗೋಡ, ಜೋಯಿಡಾಗಳ ಅಡವಿಯಂಚಿನಲ್ಲಿ, ಪೂರ್ವಜರು ಆಫ್ರಿಕಾಖಂಡದಿಂದ ಬಂದ ಸಿದ್ದಿ ಜನರಿರುವರು. ಅವರನ್ನು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ದನ ಎಮ್ಮೆಗಳನ್ನು ಸಾಕಿ ಜೀವಿಸುವ ಗೌಳಿಗಳಿರುವರು, ಲಂಬಾಣಿಗಳಿರುವರು.

ಇಂಥಲ್ಲಿಯ ಒಬ್ಬ ಹೆಣ್ಣುಮಗಳ ದಾರಿಯನ್ನು ಕಲ್ಪಿಸಿಕೊಳ್ಳಬೇಕು. ಮನೆಯಲ್ಲಿ ಅವಳು ಆಡುವದು ಕೊಂಕಣಿ ಇಲ್ಲವೆ ಮರಾಠಿಯ ಒಂದು ಬಗೆ. ಶಾಲೆಗೆ ಬಂದ ಮೇಲೆ ಕನ್ನಡವೇ ಅವಳಿಗೆ ಎರಡನೆಯ ಭಾಷೆ, ಇಂಗ್ಲೀಷು ಮೂರನೆಯದು. ಕರ್ನಾಟಕದ ಸರಕಾರೀ ಶಾಲೆಗಳಲ್ಲಿ ಒಂದನೆಯ ಇಯತ್ತೆಯಿಂದ ಇಂಗ್ಲೀಷನ್ನು ಒಂದು ವಿಷಯವಾಗಿ ಕಲಿಸುವ ಪದ್ಧತಿಯು 2007ರಿಂದ ಬಂದಿದ್ದರೂ, ಮನೆಯಲ್ಲಿ ಆ ಭಾಷೆಯ ಒಂದು ಶಬ್ದವನ್ನೂ ಕೇಳದ ಮಗುವಿಗೆ ಅದು ಪುಸ್ತಕದ ಭಾಷೆಯಾಗಿಯೇ ಉಳಿಯುತ್ತದೆ. ಹತ್ತನೆಯ ಇಯತ್ತೆಯನ್ನು ಕನ್ನಡದಲ್ಲಿ ದಾಟಿ ಬಂದು ವಿಜ್ಞಾನವನ್ನು ಕಲಿಯಬೇಕೆಂದರೆ, ಪದಾರ್ಥವಿಜ್ಞಾನ, ರಸಾಯನ ಎಲ್ಲವೂ ಒಮ್ಮೆಲೇ ಇಂಗ್ಲೀಷಿನಲ್ಲಿ ಎದುರು ನಿಲ್ಲುವವು. ಇದರ ಮೇಲೆ ಮಳೆಗಾಲದ ದಾರಿ, ದಿನಕ್ಕೆ ಒಂದೋ ಎರಡೋ ಬಸ್ಸು, ಹುಲಿಗಳ ರಕ್ಷಿತಾರಣ್ಯದೊಳಗಿನ ಒಂಟಿ ಮನೆ. ಅವಳು ಒಮ್ಮೆ ಇಂಗ್ಲೀಷಿನಲ್ಲಿ ನಪಾಸಾದಳೆಂದರೆ ಮನೆಯಲ್ಲಿ ಕೇಳಿಬರುವ ಮಾತು ಒಂದೇ: ‘ಸಾಕು, ಇನ್ನು ವರನನ್ನು ನೋಡೋಣ.’ ಉಳಿದ ಎಲ್ಲ ವಿಷಯಗಳಲ್ಲಿ ಬುದ್ಧಿವಂತೆಯಾದ ಹುಡುಗಿಯ ಬಾಳು ಒಂದು ಭಾಷೆಯ ಹೊಸ್ತಿಲಲ್ಲಿ ಎಡವಿ ಬೀಳುತ್ತದೆ.

ಆ ಹೊಸ್ತಿಲಲ್ಲಿ ನಿಂತವಳೇ ಇಂಗ್ಲೀಷು ಪ್ರಾಧ್ಯಾಪಿಕೆಯು. ಅವಳು ದ್ವಾರಪಾಲಕಿಯಾಗಬಹುದು, ಇಲ್ಲವೆ ಕೈಹಿಡಿದು ದಾಟಿಸುವ ಅಕ್ಕನಾಗಬಹುದು. ಗಂಟೆ ಬಾರಿಸಿದೊಡನೆ ಬಂದು, ಪಾಠವನ್ನೋದಿ, ಗಂಟೆ ಬಾರಿಸಿದೊಡನೆ ಹೋದರೆ ನಿಯಮವು ಅವಳನ್ನು ದೂರುವದಿಲ್ಲ. ಆದರೆ ಇಂಥ ಸೀಮೆಯಲ್ಲಿ ನಿಜವಾದ ಪ್ರಾಧ್ಯಾಪಿಕೆಯ ಕೆಲಸವು ಆ ಎರಡು ಗಂಟೆಗಳ ಆಚೆಯಲ್ಲಿದೆ. ಬಸ್ಸಿಗಾಗಿ ಕಾಯುವ ವಿದ್ಯಾರ್ಥಿನಿಯರನ್ನು ಕೂಡಿಸಿಕೊಂಡು ಒಂದು ವಾಕ್ಯವನ್ನು ನಾಚದೆ ಗಟ್ಟಿಯಾಗಿ ಹೇಳಿಸುವದು, ತಪ್ಪು ಹೇಳಿದವಳನ್ನು ನಗದಂತೆ ತರಗತಿಯನ್ನು ತಿದ್ದುವದು, ವಿದ್ಯಾರ್ಥಿವೇತನದ ಅರ್ಜಿಯನ್ನು ತುಂಬಿಸುವದು, ಬ್ಯಾಂಕಿನ ಕಾಗದವನ್ನು ಓದಿ ಅದರ ಅರ್ಥವನ್ನು ತಾಯಿಗೆ ಹೇಳುವದು, ಕಾಲೇಜಿಗೆ ಬಾರದೆ ಉಳಿದವಳ ಮನೆಯನ್ನು ಹುಡುಕಿಕೊಂಡು ಹೋಗಿ ತಂದೆಯೊಡನೆ ಸಮಾಧಾನದಿಂದ ಮಾತಾಡುವದು: ಇವು ಯಾವ ವರದಿಯಲ್ಲಿಯೂ ದೊಡ್ಡದಾಗಿ ಕಾಣದ ಕೆಲಸಗಳು. 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯು ಏಳು ದಿನಗಳ ಗ್ರಾಮಶಿಬಿರದ ಅವಕಾಶವನ್ನು ಕಾಲೇಜುಗಳಿಗೆ ಕೊಟ್ಟಿದೆ. ಅಂಥ ಶಿಬಿರದಲ್ಲಿ ಪ್ರಾಧ್ಯಾಪಿಕೆಯು ವಿದ್ಯಾರ್ಥಿನಿಯರೊಡನೆ ಹಳ್ಳಿಯ ಬಾವಿಕಟ್ಟೆಯನ್ನು ಶುಚಿಗೊಳಿಸಿ, ಅದೇ ಕಟ್ಟೆಯ ಮೇಲೆ ಕುಳಿತು ಊರ ಹೆಂಗಸರ ಸುಖದುಃಖವನ್ನು ಕೇಳಿದಾಗ, ಕಲಿತವಳಿಗೂ ಕಲಿಯದವಳಿಗೂ ನಡುವೆ ಇದ್ದ ಗೋಡೆಯು ಬೀಳುತ್ತದೆ. ಆ ದಿನ ತಾಯಿಯೊಬ್ಬಳು ‘ನನ್ನ ಮಗಳೂ ಈ ಬಾಯಿಯವರ ಹಾಗೆ ಆಗಬಹುದೇ?’ ಎಂದು ಮನಸ್ಸಿನಲ್ಲಿ ಎಣಿಸಿದರೆ, ಶಿಬಿರವು ಸಾರ್ಥಕವಾಯಿತು.

ಈ ಕಾಯಕದಲ್ಲಿ ಕಷ್ಟಗಳಿಲ್ಲವೆಂದಲ್ಲ. ಪ್ರಾಧ್ಯಾಪಿಕೆಯೂ ಒಂದು ಮನೆಯ ಸೊಸೆ, ಮಕ್ಕಳ ತಾಯಿ. ಕಾಲೇಜಿನಿಂದ ಮರಳಿದ ಗಂಡಸಿಗೆ ಚಹಾ ಸಿದ್ಧವಾಗಿರುತ್ತದೆ; ಮರಳಿದ ಹೆಂಗಸಿಗೆ ಒಲೆಯು ಕಾದಿರುತ್ತದೆ. ಅದಲ್ಲದೆ ಸರಕಾರೀ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರೆಂಬ ಹೆಸರಿನಿಂದ ಗೌರವಧನದ ಮೇಲೆ ದುಡಿಯುವವರಲ್ಲಿ ಅನೇಕ ಸ್ತ್ರೀಯರಿರುವರು. ‘ಅತಿಥಿ’ಯೆಂಬ ಮಾತು ಮಧುರವಾದದ್ದು, ಆದರೆ ಮುಂದಿನ ವರ್ಷ ಕೆಲಸವಿರುವದೋ ಇಲ್ಲವೋ ಎಂಬ ಚಿಂತೆಯಲ್ಲಿರುವ ಅತಿಥಿಗೆ ಯಾವ ಸತ್ಕಾರವಾಯಿತು? ಕಾಯಕವೇ ಕೈಲಾಸವೆಂದು ಹೇಳುವ ಸಮಾಜವು ಕಾಯಕ ಮಾಡುವವಳ ಅನ್ನದ ಭದ್ರತೆಯನ್ನೂ ಚಿಂತಿಸಬೇಕು. ಇಲ್ಲದಿದ್ದರೆ ಆ ಮಾತು ದುಡಿಸಿಕೊಳ್ಳುವವರ ಅನುಕೂಲದ ಮಾತಾಗುವದು, ಶರಣರ ಮಾತಾಗದು.

ಇಲ್ಲಿ ಎರಡು ಆಕ್ಷೇಪಗಳು ಬರುವವು. ಇಂಗ್ಲೀಷು ಬೆಳೆದರೆ ಕನ್ನಡವು ಸೊರಗುವದಲ್ಲವೇ ಎಂಬುದು ಮೊದಲನೆಯದು. ಈ ಭಯವು ನಿರಾಧಾರವಾದದ್ದಲ್ಲ. ಕನ್ನಡದಲ್ಲಿ ನಾಲ್ಕು ಸಾಲು ಬರೆಯಲಾರದ ಮಕ್ಕಳು ಪಟ್ಟಣಗಳಲ್ಲಿ ಹೆಚ್ಚುತ್ತಿರುವದು ನಿಜ. ಆದರೆ ಆ ದೋಷವು ಇಂಗ್ಲೀಷು ಕಲಿತದ್ದರಿಂದ ಬಂದದ್ದಲ್ಲ, ಕನ್ನಡವನ್ನು ಕೈಬಿಟ್ಟದ್ದರಿಂದ ಬಂದದ್ದು. ಶಿಂತ್ರಿಯವರಾಗಲಿ, ವೀಣಾ ಶಾಂತೇಶ್ವರರಾಗಲಿ, ವನಮಾಲಾರಾಗಲಿ ಇಂಗ್ಲೀಷು ಕಲಿಸಿ ಈ ನಾಡಿಗೆ ಹೊರತಾಗಲಿಲ್ಲ. ಅವರ ವಿದ್ಯೆಯು ಈ ನಾಡಿಗೇ ಮರಳಿತು. ಮನೆಮಾತನ್ನು ಕಿತ್ತುಹಾಕಿ ಇಂಗ್ಲೀಷನ್ನು ನೆಡುವವಳು ಒಳ್ಳೆಯ ಶಿಕ್ಷಕಿಯಲ್ಲ. ಕೊಂಕಣಿಯ ಮಗುವಿಗೆ ಕನ್ನಡದ ಮುಖಾಂತರ ಇಂಗ್ಲೀಷಿನ ಅರ್ಥವನ್ನು ತಿಳಿಸಿ ಮೂರನ್ನೂ ಉಳಿಸುವವಳೇ ಒಳ್ಳೆಯ ಶಿಕ್ಷಕಿಯು.

ಹೆಚ್ಚು ಕಲಿತ ಹೆಣ್ಣು ಮನೆಗೆ ಒಗ್ಗಳೆಂಬುದು ಎರಡನೆಯ ಆಕ್ಷೇಪ. ಮಹಾದೇವಿಯಕ್ಕನನ್ನು ಅನುಭವಮಂಟಪದಲ್ಲಿ ಅಲ್ಲಮಪ್ರಭುಗಳು ಕಠಿನವಾಗಿ ಪರೀಕ್ಷಿಸಿದರು. ಅವಳ ಉತ್ತರವನ್ನು ಕೇಳಿ ಗೌರವಿಸಿದರು. ಹೆಣ್ಣು ಪ್ರಶ್ನೆಗೆ ಉತ್ತರ ಕೊಟ್ಟಳೆಂದು ಅಲ್ಲಿ ಯಾರ ಮಾನವೂ ಹೋಗಲಿಲ್ಲ. ಆ ಮಂಟಪದ ವಾರಸುದಾರರೆನ್ನಿಸಿಕೊಳ್ಳುವವರ ಪಡಸಾಲೆಯಲ್ಲಿ ಕಲಿತ ಮಗಳ ಮಾತಿಗೆ ಸ್ಥಳವಿಲ್ಲದಿದ್ದರೆ, ಸಂಕೋಚವಾಗಬೇಕಾದದ್ದು ಮಗಳಿಗಲ್ಲ.

ಆದಕಾರಣ ಭಕ್ತರ ಕರ್ತವ್ಯವು ಸ್ಪಷ್ಟವಾಗಿದೆ. ಒಂದು ಬಾರಿ ಇಂಗ್ಲೀಷಿನಲ್ಲಿ ನಪಾಸಾದ ಮಗಳಿಗೆ ಎರಡನೆಯ ಸಲ ಕೂಡ್ರುವ ಅವಕಾಶವನ್ನು ಪ್ರತಿಯೊಂದು ಮನೆಯೂ ಕೊಡಬೇಕು. ಮಗನಿಗೆ ಅದು ಕೇಳದೆಯೇ ಸಿಗುತ್ತದೆ. ಮಠಗಳ ಪ್ರಸಾದನಿಲಯಗಳ ಔದಾರ್ಯವು ಹೆಣ್ಣುಮಕ್ಕಳ ಪಾಲಿಗೂ ಅಷ್ಟೇ ಧಾರಾಳವಾಗಿ ಹರಿಯಬೇಕು. ಅದರಲ್ಲಿಯೂ ಕುಣಬಿ, ಸಿದ್ದಿ, ಗೌಳಿ, ಲಂಬಾಣಿಯೆಂಬ ಭೇದವಿಲ್ಲದೆ ಅಡವಿಯ ಊರುಗಳಿಂದ ಬಂದವಳಿಗೆ ಮೊದಲ ಪಂಕ್ತಿಯು ದೊರೆಯಬೇಕು. ‘ಇವನಾರವ’ ಎಂದು ಕೇಳದಿರುವದೇ ಧರ್ಮವೆಂದ ಮೇಲೆ ‘ಇವಳಾರವಳು’ ಎಂದು ಕೇಳುವದು ಹೇಗೆ ಸಲ್ಲೀತು? ಊರಿನಲ್ಲಿ ನಿವೃತ್ತಳಾದ ಪ್ರಾಧ್ಯಾಪಿಕೆಯೊಬ್ಬಳಿದ್ದರೆ, ಶಾಲು ಹೊದಿಸಿ ಹಾರ ಹಾಕಿ ಕಳಿಸಿಕೊಟ್ಟರೆ ಸಾಲದು; ಸಾಯಂಕಾಲಕ್ಕೆ ಒಂದು ದೀಪವನ್ನೂ ಒಂದು ಕೋಣೆಯನ್ನೂ ಕೊಟ್ಟು, ಹತ್ತು ಜನ ಹುಡುಗಿಯರನ್ನು ಅವಳ ಮುಂದೆ ಕುಳ್ಳಿರಿಸಬೇಕು. ಅವಳಿಗೆ ಅದಕ್ಕಿಂತ ಹಿರಿದಾದ ಸನ್ಮಾನವಿಲ್ಲ.

ಕಲ್ಯಾಣದಿಂದ ಉಳವಿಗೆ ಬಂದ ಶರಣರು ತಮ್ಮೊಡನೆ ಹೊನ್ನನ್ನು ತರಲಿಲ್ಲ, ಗ್ರಂಥಗಳನ್ನು ತಂದರು. ಎಂಟು ಶತಮಾನಗಳು ಕಳೆದ ಮೇಲೆ ಇಂದಿಗೂ ಅದೇ ಅಡವಿಯ ದಾರಿಯಲ್ಲಿ, ಕೈಚೀಲದಲ್ಲಿ ಪುಸ್ತಕಗಳನ್ನಿಟ್ಟುಕೊಂಡು, ಮಳೆಯಲ್ಲಿ ನೆನೆಯುತ್ತ, ಬೆಳಗಿನ ಬಸ್ಸಿನಿಂದ ಇಳಿದು ಕಾಲೇಜಿನ ಕಡೆಗೆ ನಡೆಯುವ ಸ್ತ್ರೀಯೊಬ್ಬಳಿರುವಳು. ಅವಳು ಕಲಿಸುವ ಭಾಷೆಯು ಬೇರೆಯಾದರೂ ಅವಳು ಹೊತ್ತಿರುವ ಹೊರೆಯು ಅದೇ. ಅಕ್ಕನಾಗಮ್ಮನವರ ಗವಿಗೆ ನಮಸ್ಕರಿಸಿ ಮರಳುವ ಭಕ್ತರು ದಾರಿಯಲ್ಲಿ ಎದುರಾಗುವ ಈ ಅಕ್ಕನನ್ನೂ ಗುರುತಿಸಲಿ; ಅವಳ ಹಿಂದೆ ನಡೆಯುವ ಹುಡುಗಿಯರ ಸಾಲು ವರ್ಷದಿಂದ ವರ್ಷಕ್ಕೆ ಉದ್ದವಾಗಲಿ. ಶ್ರೀಗುರುಬಸವಣ್ಣನವರ ಕೃಪೆಯು ಆ ಸಾಲಿನ ಮೇಲೆ ಸದಾ ಇರಲಿ.